ಬಾಗಿಲ ಪಾಲು

ನನಗೊಂದು ಸಣ್ಣ ಆತಂಕವಿದೆ. ಇನ್ನೊಬ್ಬರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ಯಾರನ್ನಾದರೂ ‘ಹೇಗಿದ್ದೀರಿ’ ಎಂದು ಕೇಳುವಾಗ, ಇವರು ನಿಜ ಹೇಳದಿರಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿರುತ್ತೇನೆ. ನಿಜ ಹೇಳಿಬಿಟ್ಟರೆ ಆಮೇಲೆ ನಾನೂ ಏನಾದರೂ ಮಾತಾಡಬೇಕು. ಏನು ಮಾತಾಡಬೇಕೆಂದು ಆ ಹೊತ್ತಿಗೆ ನನಗೆ ಎಂದೂ ಹೊಳೆದದ್ದಿಲ್ಲ. ಹೊಳೆಯುವುದೆಲ್ಲ ಮನೆಗೆ ಬಂದು ಡೈರಿ ಬಿಡಿಸಿ ಕೂತ ಮೇಲೆ. ಇಂಥವಳಿಗೆ ಡಿಗ್ರಿ ಮುಗಿದ ಮೇಲೆ ಸಿಕ್ಕ ಕೆಲಸವೆಂದರೆ, ಮನೆಮನೆಗೆ ಹೋಗಿ ‘ಹೇಗಿದ್ದೀರಿ’ ಎಂದು ಕೇಳುವುದು.

ಅಮ್ಮನಿಗೆ ಇದರಲ್ಲಿ ತಮಾಷೆಯೇನೂ ಕಾಣಲಿಲ್ಲ. “ಯಾರ ಹತ್ರಾನೂ ಬಾಯಿ ಬಿಡದೆ ಆಗೋ ಕೆಲಸ ಅಂದ್ರೆ ಸ್ಮಶಾನ ಕಾಯೋದು. ಅದಕ್ಕೆ ಆಗಲೇ ಆಳು ಇದಾನೆ. ಸುಮ್ನೆ ಇದಕ್ಕೆ ಹೋಗು,” ಎಂದಳು. ಹೋದೆ.

ನಮ್ಮೂರಿನ ವಿಷಯ ಹೇಳಬೇಕು. ಹೊಳೆಯಾಚೆ ದೊಡ್ಡಾಸ್ಪತ್ರೆಯಿದೆ. ಅದಕ್ಕೆ ಎರಡು ಬಾಗಿಲು. ಮುಂದಿನ ಬಾಗಿಲಲ್ಲಿ ಚೀಟಿ ಮಾಡಿಸಿಕೊಂಡು ತಮ್ಮ ಕಾಲ ಮೇಲೆ ತಾವು ನಡೆದು ಹೋದವರು ಹೋದ ಹಾಗೆಯೇ ತಿರುಗಿ ಬರುತ್ತಾರೆ. ಪಕ್ಕದ್ದು ತುರ್ತು ಬಾಗಿಲು. ಆಸ್ಪತ್ರೆಯ ಹಸಿರು ವ್ಯಾನಿನಿಂದ ಇಳಿಸಿ, ಚಕ್ರದ ಮಂಚದ ಮೇಲೆ ಮಲಗಿಸಿ ಆ ಬಾಗಿಲೊಳಗೆ ತಳ್ಳಿಕೊಂಡು ಹೋದವರೂ ಬದುಕಿ ಬರುತ್ತಾರೆ; ಆದರೆ ತಮ್ಮದೇನೋ ಒಂದನ್ನು ಅಲ್ಲಿ ಬಿಟ್ಟು ಬರುತ್ತಾರೆ. ಅದಕ್ಕೆ ನಮ್ಮಲ್ಲಿ ಬಾಗಿಲ ಪಾಲು ಎನ್ನುತ್ತಾರೆ. ಆಟೋ ಸಿದ್ದೇಶಿ ಬಿಟ್ಟು ಬಂದದ್ದು ಎಡಕ್ಕೆ ತಿರುಗುವುದನ್ನು. ಈಗ ಅವನ ಆಟೋ ಹತ್ತಿದವರು ಬಲಕ್ಕೆ, ಮತ್ತೆ ಬಲಕ್ಕೆ ಎಂದು ಇಡೀ ಪೇಟೆ ಸುತ್ತಿ ಮನೆ ಸೇರುತ್ತಾರೆ, ಯಾರೂ ಗೊಣಗುವುದಿಲ್ಲ. ಶಾಲೆಯ ಒಬ್ಬ ಮೇಷ್ಟರಿಗೆ ಏಳರ ಮಗ್ಗಿ ಹೋಯಿತು. ಆ ವರ್ಷದ ಮಕ್ಕಳು ಆರರಿಂದ ನೇರ ಎಂಟಕ್ಕೆ ಹಾರಿದರು. ಹಿಟ್ಟಿನ ಗಿರಣಿಯ ಬಸಲಿಂಗಪ್ಪನಿಂದ ಹೋದದ್ದು ಸಿಟ್ಟು. ಅವನ ಹೆಂಡತಿಗೆ ಇದೊಂದು ಹೊಸ ಹೊರೆ. ಗಿರಾಕಿಗಳ ಜೊತೆ ಜಗಳವನ್ನೂ ಈಗ ಅವಳೇ ಆಡಬೇಕು.

ಆಸ್ಪತ್ರೆಯಿಂದ ಬಂದವರನ್ನು ಜಗಲಿಯ ಮೇಲೆ ಕೂರಿಸಿ ಬೀದಿಯವರೆಲ್ಲ ಸುತ್ತ ನೆರೆಯುವುದು ನಮ್ಮಲ್ಲಿ ವಾಡಿಕೆ. ಒಬ್ಬರು ಇಂಗಿನ ಡಬ್ಬಿ ಮೂಗಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಹಳೇ ಹಾಡಿನ ಮೊದಲ ಸಾಲು ಹೇಳಿ ಮುಂದಿನದು ಕೇಳುತ್ತಾರೆ, ಮತ್ತೊಬ್ಬರು ‘ನಿನ್ನ ಭಾವಮೈದ ಯಾವ ಊರಲ್ಲಿದಾನೆ ಹೇಳು’ ಎನ್ನುತ್ತಾರೆ. ಹೋದದ್ದು ಏನೆಂದು ಸಿಗುವವರೆಗೆ ಕಾಫಿ ಬರುತ್ತಲೇ ಇರುತ್ತದೆ. ಅದು ಸಿಕ್ಕಿದ ಮೇಲೆ ಎಲ್ಲರೂ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ. ವ್ಯಾನಿನಲ್ಲಿ ಜೊತೆಗೆ ಹೋಗುವ ನೆಂಟರು ರೋಗಿಯ ಕಿವಿಯಲ್ಲಿ, ‘ಹಳೇ ಬಾಡಿಗೆಯವನ ಮೂತಿ ನೆನಸ್ಕೋ, ಅದನ್ನೇ ಕೊಟ್ಬಿಡು’ ಎಂದು ದಾರಿಯುದ್ದಕ್ಕೂ ಹೇಳುತ್ತಿರುತ್ತಾರೆ. ಬಾಗಿಲು ಅಂಥದನ್ನು ಮುಟ್ಟಿದ್ದು ನಾನಂತೂ ಕೇಳಿಲ್ಲ.

ಇದರಿಂದ ನಮ್ಮೂರಿನವರು ಕಲಿತದ್ದು ಮಾತ್ರ ತಪ್ಪು ಪಾಠ. ಪಕ್ಕದ ಬಾಗಿಲಿಗೆ ಹೆದರಿ ಅವರು ಯಾವ ಬಾಗಿಲಿಗೂ ಹೋಗುವುದಿಲ್ಲ. ಕಾಯಿಲೆಗೆಂದು ಊರೊಳಗಿನ ಆರೋಗ್ಯ ಕೇಂದ್ರದ ಮೆಟ್ಟಿಲನ್ನೂ ಹತ್ತುವುದಿಲ್ಲ. ಕಾಯಿಲೆಯ ಹೆಸರೆತ್ತಿದರೆ ಹಸಿರು ವ್ಯಾನಿಗೆ ಕೇಳಿಸುತ್ತದೆ ಎಂಬ ನಂಬಿಕೆ. ಕಾಲಿನ ಹುಣ್ಣಿಗೆ ಅರಿಶಿನ ಮೆತ್ತಿ ಮೇಲೆ ಪಂಚೆ ಇಳಿಬಿಡುತ್ತಾರೆ, ಎದೆ ಹಿಡಿದರೆ ಸೋಡಾ ಕುಡಿಯುತ್ತಾರೆ, ಕೇಳಿದವರಿಗೆಲ್ಲ ‘ಚೆನ್ನಾಗಿದೀನಿ’ ಎನ್ನುತ್ತಾರೆ. ಹೀಗೆ ಚೆನ್ನಾಗಿದ್ದು ಚೆನ್ನಾಗಿದ್ದು ಒಂದು ದಿನ ನೆಲಕ್ಕೆ ಬೀಳುತ್ತಾರೆ. ಆಗ ವ್ಯಾನು ಬರುತ್ತದೆ.

“ವ್ಯಾನು ಹತ್ತಿದವರಲ್ಲಿ ಅರ್ಧಕ್ಕರ್ಧ ಜನ ಹತ್ತಬೇಕಾಗೇ ಇರ್ಲಿಲ್ಲ, ಕುಮುದಾ,” ಎಂದರು ಕೇಂದ್ರದ ಫ್ಲೋರಿನ್ ಸಿಸ್ಟರ್, ನನ್ನ ಹೆಗಲಿಗೆ ಚೀಲ ಹಾಕುತ್ತಾ. ಮನೆಭೇಟಿಯ ಈ ಏರ್ಪಾಡನ್ನು ಮೇಲಿನವರ ಹತ್ತಿರ ಹಟ ಹಿಡಿದು ಶುರುಮಾಡಿಸಿದವರು ಅವರೇ. “ಅದಕ್ಕೂ ಒಂದು ವಾರ ಮುಂಚೆ ಯಾರಾದ್ರೂ ಹೋಗಿ ಕಾಲು ನೋಡಿದ್ರೆ, ಮಾತ್ರೆ ನುಂಗಿದ್ಯೇನಜ್ಜಿ ಅಂತ ಕೇಳಿದ್ರೆ ಸಾಕಿತ್ತು. ಆ ಯಾರಾದ್ರೂ ಅನ್ನೋದು ಇನ್ಮೇಲೆ ನೀನು. ದೊಡ್ಡ ಮಾತೇನೂ ಬೇಡ. ಕೇಳು, ನೋಡು, ಬಂದು ನನಗೆ ಹೇಳು.”

ಕೇಳಿದೆ, ನೋಡಿದೆ. ಹೇಳುವುದೊಂದು ಆಗಲಿಲ್ಲ. ಮೊದಮೊದಲು ಜನ ನನ್ನನ್ನು ಬಾಗಿಲು ಕಳಿಸಿದ ಬೇಹುಗಾರ್ತಿಯೆಂದೇ ತಿಳಿದಿದ್ದರು. ಒಬ್ಬ ತಾತ ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡೇ ‘ಚೆನ್ನಾಗಿದೀನಿ’ ಎನ್ನಲು ಹೋಗಿ ಅದನ್ನು ಬೀಳಿಸಿದ. ಕ್ರಮೇಣ ನಾನು ಕೆದಕುವವಳಲ್ಲ ಎಂದು ಅವರಿಗೆ ತಿಳಿಯಿತು. ‘ಒಳ್ಳೇ ಹುಡುಗಿ, ಏನೂ ಕೇಳಲ್ಲ’ ಎಂದು ಬೀದಿಯಲ್ಲೆಲ್ಲ ಹೆಸರಾಯಿತು. ಈ ಕೆಲಸದಲ್ಲಿ ಅದಕ್ಕಿಂತ ಕೆಟ್ಟ ಹೆಸರಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕೇಳಿ ಹಿತವಾಗುತ್ತಿತ್ತು.

ಆ ಬೀದಿಯಲ್ಲಿ ನಾನು ಇಷ್ಟಪಟ್ಟು ಹೋಗುತ್ತಿದ್ದ ಮನೆ ಒಂದೇ, ಹಪ್ಪಳದ ದೇವೀರಮ್ಮನದು. ದೇವೀರಮ್ಮನಿಗೆ ಅರವತ್ತು ದಾಟಿತ್ತು. ಗಂಡ ಎಂದೋ ತೀರಿಹೋಗಿದ್ದ. ಉದ್ದಿನ ಹಿಟ್ಟು ಕಲಸಿ, ಒನಕೆಯಲ್ಲಿ ಕುಟ್ಟಿ, ಹಪ್ಪಳ ಒತ್ತಿ, ಮಹಡಿಯ ಮೇಲೆ ಹಳೇ ಸೀರೆ ಹಾಸಿ ಒಣಗಿಸುತ್ತಿದ್ದಳು. ಜೊತೆಗೆ ಮಗಳು ನೀಲಾ. ನೀಲಾಳಿಗೆ ಮೂವತ್ತರ ಆಸುಪಾಸು. ಹುಟ್ಟಿನಿಂದ ಕಿವಿ ಕೇಳದು, ಬಾಯಿ ಬಾರದು. ಅವಳಿಗೆ ಕಲಿಸುವ ಶಾಲೆ ನಮ್ಮೂರಲ್ಲಿ ಇರಲಿಲ್ಲ. ಹಾಗಾಗಿ ತಾಯಿ ಮಗಳಿಬ್ಬರೇ ಕೂತು, ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಇಷ್ಟಿಷ್ಟೇ ಕಟ್ಟಿಕೊಂಡ ಒಂದು ಕೈಮಾತು ಆ ಮನೆಯಲ್ಲಿತ್ತು. ಅದು ಅವರಿಬ್ಬರನ್ನು ಬಿಟ್ಟು ಲೋಕದಲ್ಲಿ ಯಾರಿಗೂ ಬಾರದು. ಕೆನ್ನೆಯ ಮೇಲೆ ಬೆರಳು ಇಳಿಸಿದರೆ ಮಳೆ. ಅಂಗೈ ಮೇಲೆ ಅಂಗೈ ತಟ್ಟಿ ತಿರುಗಿಸಿದರೆ ಹಪ್ಪಳ. ಮೂಗು ಹಿಂಡಿಕೊಂಡರೆ ನಸ್ಯ ಏರಿಸುವ ಎದುರುಮನೆಯಾಕೆ. ತಾಯಿ ಬೈದರೆ ನೀಲಾ ಕೈಯಲ್ಲೇ ಅವಳ ನಡಿಗೆಯನ್ನು ಅಣಕಿಸುತ್ತಿದ್ದಳು. ಎರಡು ಬೆರಳು ಮೊರದ ಮೇಲೆ ಬಾತುಕೋಳಿಯಂತೆ ಹೆಜ್ಜೆ ಹಾಕುತ್ತಿದ್ದವು.

ಆ ಮನೆಯಲ್ಲಿ ನಾನು ಮಾತಾಡಬೇಕಾಗಿರಲಿಲ್ಲ. ಹಿಟ್ಟಿನ ಉಂಡೆ ಕಟ್ಟುತ್ತಾ ಕೂತರೆ ಸಾಕು, ನೀಲಾಳ ಕೈ ನೋಡುತ್ತಾ ಹೊತ್ತು ಹೋಗುತ್ತಿತ್ತು. ನೋಡುತ್ತ ನೋಡುತ್ತ ನನಗೂ ಅದು ಹತ್ತಿತು. ಮೊದಲು ತಪ್ಪುತಪ್ಪಾಗಿ. ಒಂದು ದಿನ ನೀರು ಕೇಳಲು ಹೋಗಿ ಏನನ್ನು ಕೇಳಿದೆನೋ ಗೊತ್ತಿಲ್ಲ, ತಾಯಿ ಮಗಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವೀರಮ್ಮನನ್ನು ಕೇಳಿದರೆ, “ಬೇಡ ಬಿಡು ತಾಯಿ, ಮದುವೆಯಾಗದ ಹುಡುಗಿ ನೀನು,” ಎಂದಳು. ಬಾಯಿ ಬಿಟ್ಟು ತಪ್ಪು ಮಾಡಿದ್ದರೆ ನಾನು ವಾರಗಟ್ಟಲೆ ಕೊರಗುತ್ತಿದ್ದೆ. ಅದೇನೋ, ಕೈಯಲ್ಲಿ ಮಾಡಿದ ತಪ್ಪಿಗೆ ನಾಚಿಕೆಯೇ ಆಗಲಿಲ್ಲ.

ದೇವೀರಮ್ಮನ ಎದೆ ಸರಿಯಿರಲಿಲ್ಲ. ಗುಂಡಿಗೆಯ ಬಲ ಕಮ್ಮಿ, ಅದು ಹಿಂದೆ ಬಿದ್ದಾಗಲೆಲ್ಲ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ ಎಂದು ಫ್ಲೋರಿನ್ ಸಿಸ್ಟರ್ ನನಗೆ ವಿವರಿಸಿದ್ದರು. ಉಪ್ಪು ಕಮ್ಮಿ ಮಾಡಬೇಕು, ನೀರಿಳಿಸುವ ಮಾತ್ರೆ ಬಿಡಬಾರದು, ತೂಕ ನೋಡುತ್ತಿರಬೇಕು, ಏರಿದರೆ ಕೂಡಲೇ ಹೇಳಬೇಕು. ಅಷ್ಟೇ. ಎರಡು ಸಲ ಈ ಅಷ್ಟೇ ಎಂಬುದು ತಪ್ಪಿ ದೇವೀರಮ್ಮ ತುರ್ತು ಬಾಗಿಲಲ್ಲಿ ಹೋಗಿ ಬಂದಿದ್ದಳು. ಮೊದಲ ಸಲ ಬಾಗಿಲು ಅವಳ ಸಿಳ್ಳೆ ತೆಗೆದುಕೊಂಡಿತು. ಕೆಳಗೆ ಕೂತೇ ಒಂದು ಸಿಳ್ಳೆ ಹಾಕಿ ಮಹಡಿಯ ಮೇಲಿನ ಕಾಗೆಗಳನ್ನು ಓಡಿಸುತ್ತಿದ್ದವಳು ಅವಳು. ಈಗ ನೀಲಾ ಕರೀ ಕೊಡೆ ಹಿಡಿದು ಹಪ್ಪಳದ ಮಧ್ಯೆ ನಿಲ್ಲುತ್ತಾಳೆ. ಎರಡನೇ ಸಲ ಹೋದದ್ದು ಎದುರುಮನೆಯಾಕೆಯ ಹೆಸರು. ಮದುವೆಯಾಗಿ ಬಂದಂದಿನಿಂದ ಎದುರುಬದುರು ಬಾಳಿದವರು. ಹೆಸರು ಹೇಳಿಕೊಟ್ಟರೆ ಕೇಳಿಸಿಕೊಳ್ಳುತ್ತಾಳೆ, ಮರುಗಳಿಗೆ ನಾಲಿಗೆಯಿಂದ ಜಾರಿಹೋಗುತ್ತದೆ.

ಎದುರುಮನೆಯ ಮರಿಗೌರಮ್ಮ ಇದಕ್ಕೂ ಒಂದು ದಾರಿ ಕಂಡುಕೊಂಡಿದ್ದಳು. ಬೆಳಗ್ಗೆ ಬಂದವಳೇ ಬಾಗಿಲಲ್ಲಿ ನಿಂತು, “ಏ ದೇವೀರಿ, ನಾನು ಯಾರು ಗೊತ್ತಾ? ಅರಮನೆ ರಾಜಮ್ಮಣ್ಣಿ. ಒಂದು ಲೋಟ ಕಾಫಿ ತಾ,” ಎನ್ನುತ್ತಿದ್ದಳು. ಮಾರನೆಯ ದಿನ ತಹಶೀಲ್ದಾರರ ಹೆಂಡತಿ, ಅದರ ಮಾರನೆಯ ದಿನ ಸರ್ಕಸ್ಸಿನವಳು.

“ನೀನು ಯಾರಾದ್ರೂ ಆಗಿರು, ನನ್ನ ಕುಟ್ಟೋ ಕಲ್ಲು ತಗೊಂಡೋದವಳು ನೀನೇ. ಅದು ಮರ್ತಿಲ್ಲ,” ಎನ್ನುತ್ತಿದ್ದಳು ದೇವೀರಮ್ಮ.

“ಆ ನೆನಪನ್ನ ತಗೊಂಡಿದ್ರೆ ಎಷ್ಟು ಚೆನ್ನಾಗಿತ್ತು. ಬಾಗಿಲಿಗೆ ಬುದ್ಧಿಯಿಲ್ಲ,” ಎಂದು ಮರಿಗೌರಮ್ಮ ನಸ್ಯದ ಡಬ್ಬಿ ತಟ್ಟುತ್ತಿದ್ದಳು. ನಗುತ್ತಿದ್ದಳು ನಿಜ, ಆದರೆ ಒಮ್ಮೆ ಅವಳು ರಸ್ತೆ ದಾಟುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಕಂಡಿದ್ದೇನೆ.

ಮಾಘದ ಮದುವೆಗಳು ಶುರುವಾದವು. ದೊಡ್ಡ ಮನೆಯೊಂದರಿಂದ ಹಪ್ಪಳದ ದೊಡ್ಡ ಒಪ್ಪಂದ ಬಂತು. ದೇವೀರಮ್ಮ ದಿನವಿಡೀ ಹಿಟ್ಟು ಕಲಸುತ್ತಿದ್ದಳು. ಹಪ್ಪಳದ ಹದ ನೋಡುವುದೆಂದರೆ ಹಸಿ ಹಿಟ್ಟನ್ನು ಚಿವುಟಿ ಬಾಯಿಗೆ ಹಾಕಿಕೊಳ್ಳುವುದು. ಪ್ರತಿ ಮುದ್ದೆಗೂ ಅವಳ ನಾಲಿಗೆಯೇ ಅಳತೆ. ನೀಲಾ ನೋಡುತ್ತೇನೆಂದರೂ ಬಿಡುತ್ತಿರಲಿಲ್ಲ. ಆ ಉಪ್ಪೆಲ್ಲ ಎಲ್ಲಿ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಗೂಡಿನಲ್ಲಿದ್ದ ಮಾತ್ರೆಯ ಪಟ್ಟಿ ಇದ್ದಷ್ಟೇ ಇತ್ತು. ಅದನ್ನೂ ಕೇಳಲಿಲ್ಲ. ಅವಳೇ ಹೇಳಿದಳು: “ಅದು ನುಂಗಿದ್ರೆ ಘಳಿಗೆಗೊಂದ್ಸಲ ಬಚ್ಚಲಿಗೆ ಓಡ್ಬೇಕು. ಹಿಟ್ಟಿನ ಕೈ ತೊಳ್ಕೊಂಡು ಓಡೋದ್ಯಾವಾಗ, ಒತ್ತೋದ್ಯಾವಾಗ? ಮದುವೆ ಮುಗೀಲಿ.”

ತೂಕದ ಯಂತ್ರವನ್ನು ನಾನು ಬಾಗಿಲ ಪಕ್ಕ ಇಡುತ್ತಿದ್ದೆ. ಆ ವಾರ ದೇವೀರಮ್ಮ ಅದರ ಮೇಲೆ ಹತ್ತಿದಾಗ ಒಂದು ಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಊರಿದಳು. ಬೀಳದ ಹಾಗೆ ಹಿಡಿದುಕೊಂಡಂತೆ ಕಾಣುತ್ತಿತ್ತು. ಆದರೆ ಅವಳ ಮುಂಗೈಯ ನರ ಉಬ್ಬಿತ್ತು; ಮೈಯ ಭಾರವನ್ನೆಲ್ಲ ಆ ಕೈಗೆ ಹಾಕಿ ಮುಳ್ಳನ್ನು ಹಿಂದಕ್ಕೆ ಜಗ್ಗುತ್ತಿದ್ದಳು.

“ಹೋದ ವಾರದಷ್ಟೇ ಇದೆ, ನೋಡು,” ಎಂದಳು, ಮುಳ್ಳನ್ನು ನೋಡದೆ ನನ್ನನ್ನು ನೋಡುತ್ತಾ.

ನಾನು ಕೈಯನ್ನೂ ನೋಡಿದೆ, ಮುಖವನ್ನೂ ನೋಡಿದೆ. ಅವಳಿಗೆ ಗೊತ್ತಾಯಿತು. ಕೆಳಗಿಳಿದು ಗೋಡೆಗೊರಗಿ ಕೂತಳು. ಅಷ್ಟಕ್ಕೇ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮಹಡಿಯ ಮೇಲಿದ್ದ ನೀಲಾಳ ಕೊಡೆಯ ನೆರಳು ಬಾಗಿಲ ಹೊರಗೆ ಅತ್ತಿತ್ತ ಓಡಾಡುತ್ತಿತ್ತು.

“ಫ್ಲೋರಿನಮ್ಮಂಗೆ ಹೇಳ್ಬೇಡ,” ಎಂದಳು. “ಹೇಳಿದ್ರೆ ಆಸ್ಪತ್ರೆ ಅಂತಾರೆ. ಆಸ್ಪತ್ರೆ ಅಂದ್ಮೇಲೆ ಆ ಬಾಗಿಲು. ಮೊದಲು ಸಿಳ್ಳೆ ಹೋಯ್ತು, ಹೋಗ್ಲಿ ಅಂದೆ. ಆಮೇಲೆ ಎದುರುಮನೆಯವಳ ಹೆಸರು ಹೋಯ್ತು. ಅದು ಹತ್ತಿರ ಹತ್ತಿರ ಬರ್ತಾ ಇದೆ ಕಣೇ. ಈ ಸಲ ಕೈಮಾತೇ ತಗೊಂಡ್ರೆ ಏನ್ಮಾಡ್ಲಿ? ನಾನು ಬದುಕಿ ಬಂದು ನೀಲಾ ಮುಂದೆ ಕೂತಿರ್ತೀನಿ, ಇವಳು ಕೈ ಆಡಿಸ್ತಾ ಇರ್ತಾಳೆ, ನಾನು ಪೆದ್ದಿ ಹಂಗೆ ನೋಡ್ತಾ ಇರ್ತೀನಿ. ಹೊಟ್ಟೆನೋವು ಅಂತ ಯಾರಿಗೆ ಹೇಳ್ತಾಳೆ? ಕನಸು ಬಿತ್ತು ಅಂತ ಯಾರಿಗೆ ಹೇಳ್ತಾಳೆ? ನಾನು ಸತ್ರೂ ಅಳ್ತಾಳೆ, ಮರೀತಾಳೆ. ಇದು ಹಂಗಲ್ಲ.” ಸ್ವಲ್ಪ ಸುಧಾರಿಸಿಕೊಂಡು ಸೇರಿಸಿದಳು: “ನೀನು ಒಳ್ಳೇ ಹುಡುಗಿ. ಯಾರ ಹತ್ರಾನೂ ಏನೂ ಹೇಳಲ್ಲ.”

ನಾನು ತಲೆಯಾಡಿಸಿದೆ. ಯಾರು ಏನು ಕೇಳಿದರೂ ತಲೆಯಾಡಿಸುವುದು ನನಗೆ ಮಾತಾಡುವುದಕ್ಕಿಂತ ಸುಲಭ.

ಸಂಜೆ ಕೇಂದ್ರದಲ್ಲಿ ಫ್ಲೋರಿನ್ ಸಿಸ್ಟರ್, ಲಸಿಕೆಯ ಡಬ್ಬಿಗೆ ಐಸು ತುಂಬುತ್ತಾ, “ದೇವೀರಮ್ಮ ಹೇಗಿದಾಳೆ?” ಎಂದು ಕೇಳಿದರು. “ಚೆನ್ನಾಗಿದಾರೆ,” ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಮತ್ತೇನಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಆದರೆ ಅವರಿಗೆ ಬಸ್ಸಿನ ಹೊತ್ತಾಗಿತ್ತು. ಹೊಳೆಯಾಚೆಯ ಹಳ್ಳಿಗಳಲ್ಲಿ ಲಸಿಕೆ ಹಾಕಲು ಕೆಲವು ದಿನ ಹೋಗುವವರಿದ್ದರು. “ಡಾಕ್ಟರು ಗುರುವಾರ ಬರ್ತಾರೆ, ಮಧ್ಯಾಹ್ನದವರೆಗೆ ಇರ್ತಾರೆ. ಯಾರಿಗೇನಾದ್ರೂ ಆದ್ರೆ ಕರ್ಕೊಂಡ್ಬಾ. ಆಮೇಲೆ ಮುಂದಿನ ವಾರವೇ,” ಎಂದು ಹೇಳಿ ಹೋದರು. ಆ ದಿನ ಡೈರಿಯಲ್ಲಿ ಒಂದು ಸಾಲನ್ನೂ ಬರೆಯಲಾಗಲಿಲ್ಲ.

ಗುರುವಾರ ಬೆಳಗ್ಗೆ ನಾನು ಹೋದಾಗ ದೇವೀರಮ್ಮ ಹಿಟ್ಟಿನ ಡಬ್ಬಗಳಿಗೆ ಒರಗಿ ಕೂತಲ್ಲೇ ಕಣ್ಣು ಮುಚ್ಚಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸೀರೆಯ ಅಂಚಿನ ಕೆಳಗೆ ಪಾದಗಳು ಕಂಡವು. ಬೆರಳುಗಳ ನಡುವಿನ ಸಂದೇ ಕಾಣದಷ್ಟು ಊದಿದ್ದವು. ಕಾಲಿಗೆ ಕಟ್ಟಿದ್ದ ಕರಿದಾರ ಮಾಂಸದೊಳಗೆ ಹೂತಿತ್ತು. ನೀಲಾ ಮೆಲ್ಲಗೆ ಬಂದು ತಾಯಿಯ ಕಾಲ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು. ಅವಳು ಅದನ್ನೇ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ ಕೈ ಎತ್ತಿದಳು.

ಕತ್ತಲೆ, ಅಮ್ಮ, ಮಲಗುವುದಿಲ್ಲ. ದಿಂಬಿನ ಮೇಲೆ ದಿಂಬು, ಅದರ ಮೇಲೆ ಹಿಟ್ಟಿನ ಚೀಲ, ಅದಕ್ಕೊರಗಿ ಕೂರುತ್ತಾಳೆ. ಕೂತವಳು ಬಾಯಿ ತೆರೆದು ಮುಚ್ಚಿ, ದಡಕ್ಕೆ ಹಾಕಿದ ಮೀನು. ಏನಾಗಿದೆ? ಕೇಳಿದರೆ ಹಪ್ಪಳ ಹಪ್ಪಳ ಎನ್ನುತ್ತಾಳೆ. ನನಗೆ ಯಾರೂ ಹೇಳುವುದಿಲ್ಲ. ನಿನಗೆ ಗೊತ್ತು. ಹೇಳು.

ಗಂಟಲಲ್ಲಿ ರೆಡಿಯಾಗಿ ನಿಂತಿದ್ದ ಮಾತನ್ನೇ ಕೈಗೆ ತರಲು ನೋಡಿದೆ. ಚೆನ್ನಾಗಿದಾಳೆ, ಏನೂ ಇಲ್ಲ, ಹೆದರಬೇಡ. ಕೈ ಎತ್ತಿದವಳು ಅಲ್ಲೇ ನಿಂತುಬಿಟ್ಟೆ. ಆ ಕೈಮಾತಿನಲ್ಲಿ ‘ಚೆನ್ನಾಗಿದೀನಿ’ ಎಂಬುದಕ್ಕೆ ಏನೂ ಇರಲಿಲ್ಲ. ಹಸಿವು ಇತ್ತು, ನೋವು ಇತ್ತು, ಖುಷಿ ಇತ್ತು, ಸಿಟ್ಟಿಗಂತೂ ಮೂರು ನಾಲ್ಕು ಬಗೆಯಿತ್ತು. ಒಬ್ಬರನ್ನೊಬ್ಬರು ಸಾಗಹಾಕಲು ಆಡುವ ಮಾತೊಂದು ಆ ತಾಯಿ ಮಗಳಿಗೆ ಎಂದೂ ಬೇಕಾಗಿರಲಿಲ್ಲ. ನಾನು ಇದ್ದದ್ದನ್ನೇ ಹೇಳಬೇಕಾಯಿತು. ಎದೆ ಮುಟ್ಟಿದೆ, ಕೈಯನ್ನು ಬಾಗಿಸಿ ದಣಿದದ್ದು ತೋರಿಸಿದೆ. ನೀರು, ಕಾಲಿನಿಂದ ಏರಿ ಏರಿ ಎದೆಯವರೆಗೆ. ಉಪ್ಪು. ನುಂಗದ ಮಾತ್ರೆ. ಇವತ್ತು ನಡೆದು ಹೋದರೆ, ಇಲ್ಲೇ ಹತ್ತಿರ, ಸೂಜಿ, ನೀರು ಇಳಿಯುತ್ತದೆ, ಮನೆಗೆ ಬರುತ್ತಾಳೆ. ಹೋಗದಿದ್ದರೆ, ಎಂದು ಶುರುಮಾಡಿ ನಾನು ಹಸಿರು ವ್ಯಾನಿನ ಚಕ್ರ ತಿರುಗಿಸಿ ತೋರಿಸಿದೆ.

ನೀಲಾ ತಾಯಿಯ ಭುಜ ಹಿಡಿದು ಅಲುಗಿಸಿದಳು. ದೇವೀರಮ್ಮ ಎಚ್ಚೆತ್ತಳು. ಅವರಿಬ್ಬರ ಕೈಗಳು ಅಷ್ಟು ಜೋರಾಗಿ ಓಡಿದ್ದನ್ನು ನಾನು ಅಂದೇ ನೋಡಿದ್ದು. ಅರ್ಧಕ್ಕರ್ಧ ನನಗೆ ಹಿಡಿಯಲೂ ಆಗಲಿಲ್ಲ. ಕಾಫಿಗೆಂದು ಬಂದ ಮರಿಗೌರಮ್ಮ ಹೊಸ್ತಿಲಲ್ಲೇ ನಿಂತು, “ಏನ್ರೇ ಇದು, ತಾಯಿ ಮಗಳು ಸೊಳ್ಳೆ ಹೊಡೀತಿದೀರಾ?” ಎಂದಳು.

“ಏನಿಲ್ಲ. ಚೆನ್ನಾಗಿದೀವಿ,” ಎಂದಳು ದೇವೀರಮ್ಮ, ಉಸಿರು ಎಳೆದುಕೊಳ್ಳುತ್ತಾ. ಆಮೇಲೆ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. “ಹೇಳ್ಬಿಟ್ಯಾ,” ಎಂದಳು, ಅಷ್ಟೇ.

ನೀಲಾ ಮಣೆಯ ಮುಂದೆ ಕೂತು ಕಣ್ಣು ಮುಚ್ಚಿದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮುನಿಸಿಲ್ಲ. ಕಣ್ಣು ಮುಚ್ಚಿದವಳಿಗೆ ಯಾರೂ ಏನೂ ಹೇಳುವಂತಿಲ್ಲ. ದೇವೀರಮ್ಮ ಅವಳ ಮೊಣಕಾಲು ತಟ್ಟಿದಳು, ಗಲ್ಲ ಹಿಡಿದಳು, ಹಿಟ್ಟಿನ ಮುದ್ದೆಯನ್ನು ಮಡಿಲಲ್ಲಿಟ್ಟಳು. ನೀಲಾ ಕಣ್ಣು ತೆರೆಯಲಿಲ್ಲ. ಬಿಗಿ ಹಿಡಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯುತ್ತಿತ್ತು. ಹಿಟ್ಟು ಗಾಳಿಗೆ ಒಣಗತೊಡಗಿತು. ಕೊನೆಗೆ ದೇವೀರಮ್ಮ, “ಆಯ್ತು ನಡಿಯೇ ಮಾರಾಯ್ತಿ, ಆ ಡಾಕ್ಟರ ಮುಖ ನೋಡ್ಕೊಂಡೇ ಬರೋಣ,” ಎಂದು ಕೇಳದ ಮಗಳಿಗೆ ಬಾಯಲ್ಲೇ ಹೇಳಿ, ಅವಳ ಕೈ ಹಿಡಿದು ಎಬ್ಬಿಸಿದಳು.

ಕೇಂದ್ರ ಇರುವುದು ಬೀದಿಯ ಕೊನೆಯಲ್ಲಿ. ಅಷ್ಟು ದೂರಕ್ಕೆ ದೇವೀರಮ್ಮ ಹಲವು ಜಗಲಿಗಳ ಮೇಲೆ ಕೂತು ಎದ್ದಳು. ಕೂತಲ್ಲೆಲ್ಲ ಆ ಮನೆಯವರು ಹೊರಗೆ ಬಂದು, “ಏನು ದೇವೀರಕ್ಕ, ಎಲ್ಲಿಗೆ?” ಎನ್ನುವರು. “ಹೀಗೇ, ಗಾಳಿಗೆ,” ಎನ್ನುವಳು ಇವಳು. ಮರಿಗೌರಮ್ಮ ಹಿಂದೆಯೇ ಬರುತ್ತಾ, “ನಾವು ನಾಲ್ಕು ಜನ ಮಹಾರಾಣಿಯರು ಸವಾರಿ ಹೊರಟಿದೀವಿ, ದಾರಿ ಬಿಡಿ,” ಎನ್ನುತ್ತಿದ್ದಳು. ಆದರೆ ಅವಳ ಕೈ ದೇವೀರಮ್ಮನ ಬೆನ್ನ ಹಿಂದೆ, ಮುಟ್ಟಿಯೂ ಮುಟ್ಟದ ಹಾಗೆ, ಚಾಚಿಕೊಂಡೇ ಇತ್ತು.

ಕೇಂದ್ರದಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸುವವರು, ಚೀಟಿಗೆ ಸಹಿ ಬೇಕಾದವರು, ಶಾಲೆಯ ಸರ್ಟಿಫಿಕೇಟಿನವರು ಎಂದು ಬೆಂಚುಗಳು ತುಂಬಿದ್ದವು. ಕಾಯಿಲೆಗೆಂದು ಬಂದವರು ಯಾರೂ ಇರಲಿಲ್ಲ, ಇದ್ದರೂ ಹೇಳುತ್ತಿರಲಿಲ್ಲ. ಡಾಕ್ಟರ್ ಇನಾಯತ್ ನಮ್ಮೂರಿಗೆ ಹೊಸಬರು. ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಮುಂದಿನ ಊರಿನಲ್ಲೂ ಹೀಗೆಯೇ ಜನ ಕಾಯುತ್ತಿದ್ದರು. ನಮ್ಮ ಸರದಿ ಬಂದಾಗ ದೇವೀರಮ್ಮ ಬೆನ್ನು ನೆಟ್ಟಗೆ ಮಾಡಿ, ಕಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡು, ಸೀರೆಯನ್ನು ನೆಲಕ್ಕೆ ತಾಗುವಂತೆ ಇಳಿಬಿಟ್ಟಳು. ಹಣೆಯ ಬೆವರು ಒರೆಸಿಕೊಂಡು ನಗುವನ್ನೂ ತಂದುಕೊಂಡಳು.

“ಹೇಳಿ ಅಮ್ಮಾ, ಹೇಗಿದ್ದೀರಿ?” ಎಂದರು ಡಾಕ್ಟರು.

“ಚೆನ್ನಾಗಿದೀನಿ ಸಾರ್. ಬಿಸಿಲಲ್ಲಿ ನಡೆದು ಸ್ವಲ್ಪ ದಣಿವಾಯ್ತು. ಮಗಳು ನೋಡಿಸ್ಕೊಂಡು ಬಾ ಅಂತ ಹಟ ಮಾಡಿದ್ಲು, ಅದಕ್ಕೆ ಬಂದೆ.”

ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡಿದರು. ನೀಲಾ ತಾಯಿಯ ತುಟಿಯನ್ನೇ ನೋಡುತ್ತಿದ್ದಳು. ಆ ತುಟಿ ಯಾವ ಮಾತು ಆಡಿತೆಂದು ಅವಳಿಗೆ ತಿಳಿದುಹೋಯಿತು. ಹುಟ್ಟಿದಾಗಿನಿಂದ ಊರಿನ ಎಲ್ಲ ಬಾಯಲ್ಲೂ ನೋಡಿದ ಆಕಾರ ಅದು. ಮುಂದೆ ನುಗ್ಗಿ ಡಾಕ್ಟರ ಮೇಜಿನ ಎದುರು ನಿಂತು ಕೈ ಎತ್ತಿದಳು. ಕತ್ತಲೆ. ಅಮ್ಮ. ದಿಂಬಿನ ಮೇಲೆ ದಿಂಬು. ಮೀನು. ಬೆರಳುಗಳು ಗಾಳಿಯನ್ನು ಹರಿಯುವ ಹಾಗೆ ಓಡುತ್ತಿದ್ದವು. ಬಾಯಿಂದ ಅವಳಿಗೇ ಕೇಳಿಸದ ಒಂದು ಸದ್ದು ಹೊರಡುತ್ತಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಏನು ಹೇಳ್ತಿದಾರೆ ಇವರು?” ಎಂದು ದೇವೀರಮ್ಮನನ್ನು ಕೇಳಿದರು.

ದೇವೀರಮ್ಮ ಮಗಳ ಕೈಯನ್ನು ಕೊನೆಯವರೆಗೂ ನೋಡಿದಳು. “ಹಸಿವಾಗ್ತಿದೆ ಅಂತಾಳೆ ಸಾರ್,” ಎಂದಳು. “ಮನೆಗೆ ಹೋಗೋಣ, ಹಿಟ್ಟು ಒಣಗ್ತಾ ಇದೆ ಅಂತಾಳೆ.”

ಬೆಂಚಿನ ಕಡೆಯಿಂದ ಯಾರೋ ಅಯ್ಯೋ ಪಾಪ ಎಂದು ನಕ್ಕರು. ಡಾಕ್ಟರೂ ಸಣ್ಣಗೆ ನಕ್ಕು, “ಸರಿ, ಮುಂದಿನ ವಾರ ಬನ್ನಿ, ನಿಧಾನವಾಗಿ ನೋಡೋಣ,” ಎನ್ನುತ್ತಾ ಪೆನ್ನನ್ನು ಮತ್ತೆ ಎತ್ತಿಕೊಂಡರು. ನೀಲಾಳ ಕೈ ಇನ್ನೂ ಆಡುತ್ತಲೇ ಇತ್ತು. ತನ್ನ ಮಾತು ಅಲ್ಲಿಗೆ ಮುಟ್ಟಿತೆಂದು ಅವಳು ತಿಳಿದಿದ್ದಳು. ಡಾಕ್ಟರು ನಕ್ಕದ್ದೇಕೆಂದು ಮಾತ್ರ ಅವಳಿಗೆ ಅರ್ಥವಾಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೊನೆಗೆ ನನ್ನ ಮುಖಕ್ಕೆ ಬಂದಳು.

ದೇವೀರಮ್ಮನೂ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಗದರಿಕೆಯಿರಲಿಲ್ಲ, ಬೇಡಿಕೆಯಿತ್ತು. ಹಿಂದೆ ಬೆಂಚಿನ ಮೇಲೆ ಅರ್ಧ ಬೀದಿ ಕೂತಿತ್ತು. ನನ್ನನ್ನು ಒಳ್ಳೇ ಹುಡುಗಿ ಎಂದವರು. ನಾಳೆಯಿಂದ ಅವರು ನನಗೆ ಬಾಗಿಲು ತೆರೆಯಲಿಕ್ಕಿಲ್ಲ. ಆ ಕೋಣೆಯಲ್ಲಿ ನೀಲಾಳ ಮಾತು ಗೊತ್ತಿದ್ದವರು ಇಬ್ಬರೇ. ಅದರಲ್ಲೊಬ್ಬರು ಆಗಲೇ ಸುಳ್ಳು ಹೇಳಿ ಮುಗಿಸಿದ್ದರು.

“ಇಲ್ಲ ಸಾರ್,” ಎಂದೆ. ದನಿ ಒಡೆದು ಬಂತು, ಆದರೂ ಬೆಂಚಿನ ಕೊನೆಯವರೆಗೆ ಕೇಳಿಸುವಷ್ಟು ಬಂತು. “ಅವಳು ಹಾಗೆ ಹೇಳ್ತಿಲ್ಲ. ಅಮ್ಮನಿಗೆ ಚೆನ್ನಾಗಿಲ್ಲ ಅಂತಿದಾಳೆ. ರಾತ್ರಿಯೆಲ್ಲ ಮಲಗೋಕೆ ಆಗಲ್ಲ, ಕೂತೇ ಇರ್ತಾಳೆ, ಉಸಿರು ಸಿಗಲ್ಲ ಅಂತಿದಾಳೆ. ಕಾಲು ನೋಡಿ ಅಂತಿದಾಳೆ. ನಿಜ ಸಾರ್. ದೇವೀರಮ್ಮನಿಗೆ ಚೆನ್ನಾಗಿಲ್ಲ.”